ಸಂಕರವೂ ಅನೃತವೂ

ಹೆಸರು ವಸ್ತುವಿನಲ್ಲಿರುವ ಧರ್ಮವನ್ನು ಹೇಳುತ್ತದೆಯೋ, ಹೇಳುವವನ ಅನುಕೂಲವನ್ನು ಮಾತ್ರ ಹೇಳುತ್ತದೆಯೋ ಎಂಬುದು ನಮ್ಮ ಶಾಸ್ತ್ರಕಾರರು ಬಹುಕಾಲ ಚರ್ಚಿಸಿದ ವಿಷಯ. ಹಸುವನ್ನು ಕಂಡು ‘ಗೋವು’ ಎನ್ನುವಾಗ, ಎಲ್ಲ ಹಸುಗಳಲ್ಲಿಯೂ ಒಂದೇ ಆಗಿ ನೆಲಸಿರುವ ಗೋತ್ವವೆಂಬುದು ನಿಜವಾಗಿ ಉಂಟೆಂದು ನೈಯಾಯಿಕರು ಹೇಳಿದರು. ಅಂಥದೊಂದಿಲ್ಲ, ಹಸುವಲ್ಲದ್ದನ್ನೆಲ್ಲ ಕಳೆದು ಉಳಿದುದಕ್ಕೆ ನಾವು ಮಾಡಿಕೊಂಡ ಗುರುತೇ ಅದು ಎಂದು ಬೌದ್ಧರು ಹೇಳಿದರು. ಇಂಥ ವಾದವು ಪಾಠಶಾಲೆಯ ಜಗುಲಿಯ ಮೇಲೆ ಹೊತ್ತು ಕಳೆಯುವುದಕ್ಕೆ ಸರಿ, ಲೋಕವ್ಯವಹಾರಕ್ಕೆ ಇದರಿಂದ ಬಂದದ್ದೇನು ಎಂದು ಕೇಳುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಅಂಥವರ ಸಮಾಧಾನಕ್ಕಾಗಿ, ಈ ವಾದವು ಯಾರೂ ನಿರೀಕ್ಷಿಸದ ಒಂದೆಡೆಯಲ್ಲಿ, ಎಂದರೆ ಹಾವುಗಳನ್ನು ಸಾಕಿ ಮರಿಮಾಡಿಸುವವರ ನಡುವೆ, ಧರ್ಮಸೂಕ್ಷ್ಮದ ಪ್ರಶ್ನೆಯಾಗಿ ನಿಂತಿರುವುದನ್ನು ಇಲ್ಲಿ ನಿರೂಪಿಸಬೇಕೆಂದಿದ್ದೇನೆ.

ಇಂಗ್ಲಿಷಿನಲ್ಲಿ ‘ರ‍್ಯಾಟ್ ಸ್ನೇಕ್’ ಎಂಬ ಹೆಸರು ನಮ್ಮ ಹೊಲಗದ್ದೆಗಳ ಕೇರೆಹಾವಿಗೂ ಸಲ್ಲುತ್ತದೆ, ಉತ್ತರ ಅಮೆರಿಕದಲ್ಲಿರುವ ಬೇರೊಂದು ಕುಲದ ಹಾವುಗಳಿಗೂ ಸಲ್ಲುತ್ತದೆ. ಎರಡೂ ಇಲಿಗಳನ್ನು ತಿನ್ನುತ್ತವೆ, ಎರಡೂ ಮನುಷ್ಯನಿಗೆ ನಿರಪಾಯವಾದುವು; ಸಾಮ್ಯವು ಬಹುಮಟ್ಟಿಗೆ ಅಲ್ಲಿಗೇ ಮುಗಿಯಿತು. ಕೇರೆಯನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಪ್ರಕಾರ ನಿಷಿದ್ಧ. ಅಮೆರಿಕದಲ್ಲಿಯಾದರೋ ಅನೇಕ ಸಂಸ್ಥಾನಗಳಲ್ಲಿ ಗೃಹಸ್ಥರು ತಮ್ಮ ಸೀಮೆಯ ಈ ಹಾವುಗಳನ್ನು ಪೆಟ್ಟಿಗೆಗಳಲ್ಲಿ ಸಾಕಿ, ಮೊಟ್ಟೆಯಿಡಿಸಿ, ಮರಿಗಳನ್ನು ಕೊಟ್ಟು ಕೊಂಡು ಮಾಡುವ ರೂಢಿಯುಂಟು. ಆ ದೇಶದಲ್ಲಿ ನೆಲಸಿರುವ ನನ್ನ ಹಳೆಯ ಶಿಷ್ಯರೊಬ್ಬರು, ‘ಎರಡು ಉಪಪ್ರಭೇದಗಳ ಹಾವುಗಳನ್ನು ಕೂಡಿಸುವುದು ದೋಷವೆಂದು ಇಲ್ಲಿ ಕೆಲವರು, ದೋಷವಲ್ಲವೆಂದು ಕೆಲವರು ಜಗಳವಾಡುತ್ತಾರೆ; ತಾವೇನು ಹೇಳುತ್ತೀರಿ?’ ಎಂದು ಕೇಳಿದ್ದು ಈ ವಿಚಾರಕ್ಕೆ ನಿಮಿತ್ತ.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ಆ ಖಂಡದ ಪೂರ್ವಭಾಗದಲ್ಲೆಲ್ಲ ಹರಡಿರುವ ಈ ಹಾವನ್ನು ಥಾಮಸ್ ಸೇ ಎಂಬ ಪ್ರಾಣಿಶಾಸ್ತ್ರಜ್ಞರು ೧೮೨೩ರಲ್ಲಿ ವರ್ಣಿಸಿ, ಲ್ಯಾಟಿನ್ ಭಾಷೆಯಲ್ಲಿ ‘ಸವೆದುದು, ಮಾಸಿದುದು’ ಎಂಬರ್ಥದ ಹೆಸರನ್ನಿಟ್ಟರು. ನಾಲ್ಕೈದು ಅಡಿ ಉದ್ದ ಸಾಮಾನ್ಯ, ಆರಡಿ ಮೀರಿದ್ದೂ ಉಂಟು. ಮರ ಹತ್ತುವುದರಲ್ಲಿ ಬಹು ನಿಪುಣವಾದ ಪ್ರಾಣಿ. ಉತ್ತರದ ಕಡೆ ಇದರ ಮೈ ಕಪ್ಪು. ದಕ್ಷಿಣದ ಒಳನಾಡಿನಲ್ಲಿ ಬೂದುಬಣ್ಣದ ಮೇಲೆ ಕಡುಬಣ್ಣದ ಮಚ್ಚೆಗಳು. ಅಟ್ಲಾಂಟಿಕ್ ತೀರದ ದಕ್ಷಿಣಭಾಗದಲ್ಲಿಯೂ ಫ್ಲಾರಿಡಾದಲ್ಲಿಯೂ ಹಳದಿ ಮೈ, ಅದರ ಮೇಲೆ ಉದ್ದಕ್ಕೆ ಎಳೆದ ನಾಲ್ಕು ಪಟ್ಟೆ. ಟೆಕ್ಸಾಸಿನ ಕಡೆಗೆ ಮಚ್ಚೆಗಳ ನಡುವೆ ಹಳದಿಯ ಮಿಶ್ರಣ. ಫ್ಲಾರಿಡಾದ ದಕ್ಷಿಣದಲ್ಲಿ ಎವರ್‌ಗ್ಲೇಡ್ಸ್ ಎಂಬ ವಿಸ್ತಾರವಾದ ಜೌಗುಸೀಮೆಯಲ್ಲಿ ಕಿತ್ತಳೆಯ ಬಣ್ಣ, ಮಸುಕಾದ ಪಟ್ಟೆ, ಕೆಂಪು ನಾಲಗೆ. ಈ ಒಂದೊಂದಕ್ಕೂ ಉಪಪ್ರಭೇದವೆಂದು ಬೇರೆ ಬೇರೆ ಹೆಸರು ಬಂದಿತು. ಕಡೆಯದಕ್ಕೆ ಹೆಸರಿಟ್ಟವರು ವಿಲ್ಫ್ರೆಡ್ ನೀಲ್ ಎಂಬವರು, ೧೯೪೯ರಲ್ಲಿ.

ಇಷ್ಟನ್ನು ಕೇಳಿದವರು ಈ ಐದೂ ಹಸು ಎಮ್ಮೆಗಳಂತೆ ಬೇರೆಬೇರೆಯೆಂದು ಭಾವಿಸಬಹುದು. ಎರಡು ಸಂಗತಿಗಳು ಅದಕ್ಕೆ ಅಡ್ಡ ಬರುತ್ತವೆ. ಮೊದಲನೆಯದು, ಮೊಟ್ಟೆಯೊಡೆದು ಹೊರಬಂದ ಮರಿಗಳಿಗೆಲ್ಲ ಬಹುಮಟ್ಟಿಗೆ ಒಂದೇ ವೇಷ: ಮಂಕುಬಣ್ಣದ ಮೈ, ಬೆನ್ನ ಮೇಲೆ ಸಾಲುಮಚ್ಚೆ. ಮುಂದೆ ಕಪ್ಪಾಗತಕ್ಕ ಹಾವೂ ಪಟ್ಟೆಯುಳ್ಳದ್ದಾಗತಕ್ಕ ಹಾವೂ ಹುಟ್ಟುವಾಗ ಮಚ್ಚೆಯದೇ. ಬೂದುಹಾವು ಈ ಬಾಲ್ಯವೇಷವನ್ನು ಕಡೆಯವರೆಗೂ ಉಳಿಸಿಕೊಳ್ಳುತ್ತದೆ. ಕಪ್ಪು, ಹಳದಿ, ಕಿತ್ತಳೆಯ ಹಾವುಗಳು ಬೆಳೆಯುತ್ತ ಅದನ್ನು ಬಿಡುತ್ತವೆ. ಎರಡನೆಯದು, ಇವುಗಳ ಸೀಮೆಗಳ ನಡುವೆ ಗೋಡೆಯಿಲ್ಲ. ಎರಡು ಸೀಮೆಗಳು ಕೂಡುವಲ್ಲಿ ಹಾವುಗಳೂ ಕೂಡುತ್ತವೆ. ಹುಟ್ಟಿದ ಮರಿಗಳು ನಡುಬಣ್ಣದವಾಗಿ ಬೆಳೆದು ತಾವೂ ಸಂತಾನವನ್ನು ಪಡೆಯುತ್ತವೆ.

ಇಲ್ಲಿ ನ್ಯಾಯಶಾಸ್ತ್ರದ ಒಂದು ಸೂಕ್ಷ್ಮವು ಉಪಯೋಗಕ್ಕೆ ಬರುತ್ತದೆ. ಯಾವುದನ್ನು ಜಾತಿಯೆನ್ನಬಹುದು, ಯಾವುದನ್ನು ಎನ್ನಲಾಗದು ಎಂಬುದಕ್ಕೆ ಉದಯನಾಚಾರ್ಯರು ಆರು ಬಾಧಕಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಒಂದು ಸಂಕರ. ಎರಡು ಧರ್ಮಗಳು ಒಂದನ್ನೊಂದು ಬಿಟ್ಟು ಬೇರೆ ಬೇರೆ ಕಡೆಯೂ ಇದ್ದು, ಮತ್ತೊಂದೆಡೆ ಎರಡೂ ಕೂಡಿಯೂ ಇದ್ದರೆ, ಅವು ಜಾತಿಗಳಾಗಲಾರವು. ಹೊರಗಿನಿಂದ ಬಂದ ಉಪಾಧಿಗಳು ಮಾತ್ರ. ಭೂತತ್ವ ಮೂರ್ತತ್ವಗಳು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಆಕಾಶವು ಭೂತವಾಗಿದ್ದರೂ ಮೂರ್ತವಲ್ಲ, ಮನಸ್ಸು ಮೂರ್ತವಾಗಿದ್ದರೂ ಭೂತವಲ್ಲ, ಪೃಥಿವಿಯಾದರೋ ಎರಡೂ ಹೌದು. ಈಗ ಫ್ಲಾರಿಡಾದ ಪಶ್ಚಿಮಕ್ಕೆ ಗಲ್ಫ್ ಹ್ಯಾಮಕ್ ಎಂಬ ಸೀಮೆಯ ಹಾವನ್ನು ನೋಡಿರಿ. ಬೂದುಹಾವಿನಲ್ಲಿ ಮಚ್ಚೆಯುಂಟು, ಪಟ್ಟೆಯಿಲ್ಲ. ಬೆಳೆದ ಹಳದಿಹಾವಿನಲ್ಲಿ ಪಟ್ಟೆಯುಂಟು, ಮಚ್ಚೆಯಿಲ್ಲ. ಈ ಹಾವಿನಲ್ಲಿ ಎರಡೂ ಉಂಟು. ೧೯೪೦ರಲ್ಲಿ ಇದನ್ನೂ ಒಂದು ಉಪಪ್ರಭೇದವೆಂದೇ ಹೆಸರಿಸಿದರು. ಬೂದು ಹಳದಿಗಳ ಬೆರಕೆಯೆಂದು ಅನಂತರ ತಿಳಿದವರು ಹೇಳಿದರು. ತಾರ್ಕಿಕನಾದವನು ಇದನ್ನು ಕಂಡಿದ್ದರೆ ತನ್ನ ಗ್ರಂಥಕ್ಕೆ ಇನ್ನೊಂದು ಉದಾಹರಣೆ ಸಿಕ್ಕಿತೆಂದು ಸಂತೋಷಪಡುತ್ತಿದ್ದನು.

ಹೀಗೆ ಊಹೆಯಿಂದ ಕಂಡದ್ದನ್ನು ಇತ್ತೀಚಿನ ಪರೀಕ್ಷೆಗಳೂ ಬಲಪಡಿಸಿವೆ. ಫ್ರಾಂಕ್ ಬರ್‌ಬ್ರಿಂಕ್ ಎಂಬ ವಿದ್ವಾಂಸರೂ ಅವರ ಜೊತೆಗಾರರೂ ೨೦೦೦ದಲ್ಲಿ ಈ ಹಾವುಗಳ ಜೀವಕೋಶಗಳಲ್ಲಿ ತಾಯಿಯ ಕಡೆಯಿಂದ ಮಾತ್ರ ಬರುವ ಡಿಎನ್‌ಎ ಅಂಶವನ್ನು ಶೋಧಿಸಿದರು. ಬಣ್ಣದ ಹೆಸರುಗಳಿಗೂ ವಂಶದ ಕವಲುಗಳಿಗೂ ಹೊಂದಿಕೆಯೇ ಕಾಣಲಿಲ್ಲ. ಪೂರ್ವ, ಮಧ್ಯ, ಪಶ್ಚಿಮ ಎಂದು ಮೂರು ಕವಲುಗಳು ಕಂಡವು. ಮಿಸಿಸಿಪ್ಪಿ ನದಿ, ಅಪಲೇಚಿಯನ್ ಪರ್ವತಗಳು ಮತ್ತು ಅಪಲಾಚಿಕೋಲಾ ನದಿ ಅವುಗಳ ಎಲ್ಲೆಯಾಗಿದ್ದುವು. ಒಂದೇ ಕವಲಿನಲ್ಲಿ ಹಲವು ಬಣ್ಣ, ಒಂದೇ ಬಣ್ಣ ಹಲವು ಕವಲುಗಳಲ್ಲಿ. ಆದುದರಿಂದ ೨೦೦೧ರಲ್ಲಿ ಹಳೆಯ ಉಪಪ್ರಭೇದಗಳನ್ನು ತೆಗೆದುಹಾಕಿ ಮೂರು ಪ್ರಭೇದಗಳನ್ನು ಸ್ಥಾಪಿಸಿದರು. ಅದಾದರೂ ಸ್ಥಿರವಾಯಿತೆ? ತಾಯಿತಂದೆಗಳಿಬ್ಬರಿಂದಲೂ ಬರುವ ಅಂಶಗಳನ್ನು ಶೋಧಿಸಿದಾಗ, ಎಲ್ಲೆಗಳಲ್ಲಿ ವಿಶಾಲವಾದ ಬೆರಕೆಯ ವಲಯಗಳಿರುವುದು ಕಂಡು, ೨೦೨೧ರಲ್ಲಿ ಅದೇ ವಿದ್ವಾಂಸರು ತಮ್ಮ ಎಲ್ಲೆಗಳನ್ನು ತಾವೇ ತಿದ್ದಿದರು. ತಿದ್ದಿಕೊಂಡದ್ದು ಅವರಿಗೆ ಭೂಷಣವೇ. ನಮಗೆ ಇಲ್ಲಿ ಬೇಕಾದುದು ಇಷ್ಟು: ಈ ಹೆಸರುಗಳು ಎರಡು ನೂರು ವರ್ಷಗಳಲ್ಲಿ ಹಲವು ಸಾರಿ ಬದಲಾಯಿಸಿವೆ, ಇನ್ನೂ ಬದಲಾಯಿಸಬಹುದು.

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ. ‘ಉಪಪ್ರಭೇದವೆಂಬುದು ಸತ್ಯವಾದ ಜಾತಿಯಲ್ಲವೆಂದು ತಾವೇ ಸಾಧಿಸಿದಿರಿ. ಇಲ್ಲದ ವಸ್ತುವಿನ ವಿಷಯದಲ್ಲಿ ಸತ್ಯವೇನು, ಅನೃತವೇನು? ಬೂದುಹಾವಿಗೂ ಹಳದಿಹಾವಿಗೂ ಹುಟ್ಟಿದ ಮರಿಯನ್ನು ಕೊಳ್ಳುವವನಿಗೆ ಯಾವ ಹೆಸರು ಇಷ್ಟವೋ ಆ ಹೆಸರಿನಿಂದ ಕೊಟ್ಟರೆ ಯಾರಿಗೆ ನಷ್ಟ?’ ಎಂದು ಅವರ ವಾದ. ಇದಕ್ಕೆ ಎದುರಾಗಿ ಶುದ್ಧಿವಾದಿಗಳೂ ಇದ್ದಾರೆ. ಬೆರಸುವುದೇ ಮಹಾಪರಾಧ, ಬೆರಕೆಯ ಹಾವು ಹುಟ್ಟಲೇ ಬಾರದಿತ್ತು ಎಂದು ಅವರು ಹೇಳುತ್ತಾರೆ. ಒಬ್ಬರು ಹೆಸರನ್ನು ಬರಿಯ ಗಾಳಿಯೆನ್ನುತ್ತಾರೆ, ಇನ್ನೊಬ್ಬರು ಹೆಸರನ್ನು ದೇವರ ಆಜ್ಞೆಯೆನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇಬ್ಬರೂ ಪ್ರಶ್ನೆಯನ್ನು ತಪ್ಪಾದ ಸ್ಥಳದಲ್ಲಿ ಇಟ್ಟಿದ್ದಾರೆ.

ಹಾವಿನ ಪೆಟ್ಟಿಗೆಗೆ ಅಂಟಿಸಿದ ಚೀಟಿಯನ್ನು ಓದುವವನಿಗೆ ಅದು ಏನನ್ನು ಹೇಳುತ್ತದೆ? ‘ಎವರ್‌ಗ್ಲೇಡ್ಸಿನ ಹಾವು’ ಎಂದು ಬರೆದಿದ್ದರೆ, ಇದರಲ್ಲಿ ಎವರ್‌ಗ್ಲೇಡ್ಸತ್ವವೆಂಬ ನಿತ್ಯವಾದ ಜಾತಿಯು ನೆಲಸಿದೆ ಎಂದು ಯಾರೂ ತಿಳಿಯುವುದಿಲ್ಲ. ಈ ಹಾವಿನ ಹಿರಿಯರನ್ನು ಆ ಸೀಮೆಯಲ್ಲಿ ಹಿಡಿದರು, ಅನಂತರ ಬೇರೆಯವುಗಳೊಡನೆ ಕೂಡಿಸಲಿಲ್ಲ ಎಂದು ತಿಳಿಯುತ್ತಾನೆ. ಎಂದರೆ ಚೀಟಿಯು ಹೇಳುವುದು ನಡೆದ ಸಂಗತಿಯನ್ನು. ಜಾತಿಯು ಉಂಟೋ ಇಲ್ಲವೋ, ಸಂಗತಿಯು ನಡೆಯಿತು ಅಥವಾ ನಡೆಯಲಿಲ್ಲ. ಅದು ಶಬ್ದಪ್ರಮಾಣಕ್ಕೆ ಸೇರಿದ ವಿಷಯ. ಹೇಳುವವನು ಆಪ್ತನಾಗಿದ್ದರೆ ಮಾತ್ರ ಪ್ರಮಾಣ. ‘ಇಂಥ ಕೆರೆಯ ದಕ್ಷಿಣದ ದಂಡೆ, ಇಂಥ ವರ್ಷ, ಇಂಥ ತಾಯಿ, ಇಂಥ ತಂದೆ’ ಎಂದು ಬರೆದಿಟ್ಟ ಚೀಟಿಯು ೧೯೪೯ರ ಹೆಸರು ಹೋದರೂ ಸುಳ್ಳಾಗಲಿಲ್ಲ, ೨೦೦೧ರ ಹೆಸರು ಹೋದರೂ ಸುಳ್ಳಾಗಲಿಲ್ಲ. ಹೆಸರು ಅಸ್ಥಿರವಾದಷ್ಟೂ ಸಂಗತಿಯನ್ನು ಸರಿಯಾಗಿ ಬರೆದಿಡುವ ಹೊಣೆ ಹೆಚ್ಚುತ್ತದೆ. ಪೂರ್ವಪಕ್ಷದವರು ತಿಳಿದಂತೆ ಕಡಮೆಯಾಗುವುದಿಲ್ಲ.

ಕಾಡಿನಲ್ಲಿ ಈ ಹೊಣೆ ಹಗುರ. ಅಲ್ಲಿ ಒಬ್ಬನು ತಪ್ಪು ಹೇಳಿದರೆ ಇನ್ನೊಬ್ಬನು ಹೋಗಿ ನೋಡಬಹುದು. ಹಾವೂ ಅದರ ನೆಲವೂ ಅಲ್ಲಿಯೇ ಇವೆ. ಪೆಟ್ಟಿಗೆಯಲ್ಲಿ ಹಾಗಲ್ಲ. ಸಾಕುವವನು ಚಳಿಗಾಲದಲ್ಲಿ ಎರಡು ಮೂರು ತಿಂಗಳು ಹಾವುಗಳನ್ನು ತಂಪಿನಲ್ಲಿಟ್ಟು, ವಸಂತದಲ್ಲಿ ಕೂಡಿಸಿ, ಇಟ್ಟ ಮೊಟ್ಟೆಗಳನ್ನು ತೇವದ ಹಾಸಿನಲ್ಲಿ ೨೮ ಡಿಗ್ರಿ ಸೆಲ್ಸಿಯಸ್ ಸುಮಾರಿನ ಬಿಸಿಯಲ್ಲಿಟ್ಟರೆ, ಎರಡು ತಿಂಗಳಿಗೆ ಸ್ವಲ್ಪ ಹೆಚ್ಚುಕಡಮೆಯಾಗಿ ಮರಿಗಳು ಹೊರಬರುತ್ತವೆ. ಮರಿಗಳೆಲ್ಲವೂ ಮಚ್ಚೆಯವು, ಅವುಗಳನ್ನು ನೋಡಿ ತಾಯಿತಂದೆಗಳನ್ನು ನಿಶ್ಚಯವಾಗಿ ಹೇಳಬಲ್ಲವರು ವಿರಳ. ಆ ಮರಿಯ ವಂಶವು ಲೋಕದಲ್ಲಿ ಒಬ್ಬನಿಗೆ ಮಾತ್ರ ಗೊತ್ತು. ಸಾಕ್ಷಿಯು ಒಬ್ಬನೇ ಆಗಿ, ವಸ್ತುವು ಮೂಕವಾಗಿರುವಾಗ, ಆ ಸಾಕ್ಷಿಯ ನಾಲಗೆಯ ಮೇಲೆ ಎಷ್ಟು ಭಾರವಿದೆಯೆಂಬುದನ್ನು ವಾಚಕರೇ ಊಹಿಸಬಹುದು.

ಹಾಗಾದರೆ ವಂಶವು ಅವನಿಗೂ ತಿಳಿಯದಿದ್ದರೆ? ಇದು ಅಪರೂಪದ ಸಂದರ್ಭವಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಕಪ್ಪುಹಾವುಗಳನ್ನು ಪರೀಕ್ಷಿಸಿದವರಿಗೆ, ಒಂದೇ ತಾಯಿಯ ಒಂದೇ ಸಾರಿಯ ಮೊಟ್ಟೆಗಳಲ್ಲಿ ಬಹುಪಾಲು ಒಬ್ಬನಿಗಿಂತ ಹೆಚ್ಚು ತಂದೆಗಳಿಗೆ ಸೇರಿದುವಾಗಿರುವುದು ಕಂಡುಬಂದಿತು. ಕಾಡಿನಲ್ಲಿ ಹಿಡಿದ ಗರ್ಭಿಣಿಯ ಮರಿಗಳಿಗೆ ತಂದೆ ಯಾರೆಂದು ಯಾರು ಬಲ್ಲರು? ಅಂಗಡಿಯಿಂದ ತಂದ ಹಾವಿನ ಅಜ್ಜ ಯಾರೆಂದು ಯಾರು ಬಲ್ಲರು? ಇದಕ್ಕೆ ಉತ್ತರವನ್ನು ಛಾಂದೋಗ್ಯೋಪನಿಷತ್ತು ಬಹಳ ಹಿಂದೆಯೇ ಕೊಟ್ಟಿದೆ. ಬಾಲಕನಾದ ಸತ್ಯಕಾಮನು ಗುರುಕುಲಕ್ಕೆ ಹೋಗಬೇಕೆಂದು ತಾಯಿಯಾದ ಜಬಾಲೆಯನ್ನು ತನ್ನ ಗೋತ್ರವೇನೆಂದು ಕೇಳಿದನು. ಆಕೆ ತಿಳಿಯದೆಂದು ಹೇಳಿ, ತನ್ನ ಹೆಸರಿನಿಂದಲೇ ಸತ್ಯಕಾಮ ಜಾಬಾಲನೆಂದು ಹೇಳಿಕೊಳ್ಳೆಂದಳು. ಬಾಲಕನು ಹಾರಿದ್ರುಮತ ಗೌತಮರ ಮುಂದೆ ಇದ್ದುದನ್ನು ಇದ್ದಂತೆ ಹೇಳಿದನು. ಯಾವುದಾದರೊಂದು ಗೋತ್ರವನ್ನು ಕಟ್ಟಿ ಹೇಳುವುದು ಅವನಿಗೆ ಕಷ್ಟವಾಗಿರಲಿಲ್ಲ. ಹೇಳಲಿಲ್ಲವೆಂಬುದೇ ಅವನ ಅಧಿಕಾರವಾಯಿತು. ಗುರುಗಳು ಅವನನ್ನು ಸ್ವೀಕರಿಸಿದರು. ‘ತಾಯಿ ಇಂಥದು, ತಂದೆ ತಿಳಿಯದು’ ಎಂದು ಬರೆದ ಚೀಟಿ ಜಾಬಾಲನ ಚೀಟಿ. ಅಂಥ ಹಾವಿಗೆ ಪೇಟೆಯಲ್ಲಿ ಬೆಲೆ ಕಡಮೆಯಾಗಬಹುದು. ಅದನ್ನು ಸಾಕಿದವನ ಬೆಲೆ ಕಡಮೆಯಾಗುವುದಿಲ್ಲ.

ಈಗ ಕಿತ್ತಳೆಯ ಹಾವಿನ ಕಥೆಗೆ ಹಿಂದಿರುಗೋಣ. ಎವರ್‌ಗ್ಲೇಡ್ಸಿನ ನೀರನ್ನು ಬತ್ತಿಸುವ ಕೆಲಸವು ೧೮೮೦ರ ದಶಕದಲ್ಲಿಯೇ ಮೊದಲಾಗಿತ್ತು. ಒಂದು ಭಾಗವು ೧೯೪೭ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಉಳಿಯಿತಾದರೂ, ೧೯೪೮ರಲ್ಲಿ ಮಂಜೂರಾದ ಮಹಾಯೋಜನೆಯಿಂದ ಆ ಸೀಮೆಗೆಲ್ಲ ಕಾಲುವೆಗಳೂ ಏರಿಗಳೂ ಬಂದುವು; ಜೌಗಿದ್ದಲ್ಲಿ ಕಬ್ಬಿನ ಹೊಲಗಳಾದುವು; ಹೊರಗಿನಿಂದ ತಂದ ಸರ್ವೆಮರಗಳು ಹಬ್ಬಿದುವು. ಅದುವರೆಗೆ ಅಂಚಿನಲ್ಲಿದ್ದ ಹಳದಿಹಾವು ಒಳಕ್ಕೆ ಬಂದು ಕಿತ್ತಳೆಯದರೊಡನೆ ಬೆರೆಯಿತೆಂದೂ, ಹಿಂದಿನ ಕಡುಕಿತ್ತಳೆ ಈಗ ಅಲ್ಲಿ ಅಪರೂಪವೆಂದೂ ಬಲ್ಲವರು ಹೇಳುತ್ತಾರೆ. ಸಾಕುವವರ ಪೆಟ್ಟಿಗೆಗಳಲ್ಲಿ ಮಾತ್ರ ಕಡುಕಿತ್ತಳೆಯ ಹಾವುಗಳು ಇನ್ನೂ ಇವೆ. ತಲೆಮಾರು ತಲೆಮಾರಿಗೂ ಹೆಚ್ಚು ಕಿತ್ತಳೆಯವನ್ನೇ ಆರಿಸಿ ಕೂಡಿಸಿದ್ದರಿಂದ ಕೆಲವು ಹಿಂದಿನವುಗಳಿಗಿಂತಲೂ ಕೆಂಪೇರಿವೆ. ಹಾಗಾದರೆ ನಿಜವಾದ ಎವರ್‌ಗ್ಲೇಡ್ಸ್ ಹಾವು ಯಾವುದು? ತನ್ನ ನೆಲದಲ್ಲಿ ಬಣ್ಣ ಬದಲಾಯಿಸಿದ್ದೋ, ನೆಲ ಬಿಟ್ಟು ಬಣ್ಣ ಉಳಿಸಿಕೊಂಡದ್ದೋ?

ತಾಳೆಗರಿಗಳೊಡನೆ ಬಳಕೆಯುಳ್ಳವರಿಗೆ ಈ ಪ್ರಶ್ನೆ ಹೊಸದಲ್ಲ. ಮೂಲಪ್ರತಿ ನಷ್ಟವಾಗಿದೆ, ಪ್ರತಿಯ ಪ್ರತಿ ಮಾತ್ರ ಉಂಟು. ಲಿಪಿಕಾರರಲ್ಲಿ ಎರಡು ಬಗೆ. ಒಬ್ಬನು ಕಂಡದ್ದನ್ನು ಕಂಡಂತೆ ಬರೆದು, ತಪ್ಪಿದ್ದರೆ ತನ್ನನ್ನು ದೂರಬೇಡಿರೆಂದು ಕೊನೆಯಲ್ಲಿ ಬೇಡಿಕೊಳ್ಳುತ್ತಾನೆ. ಇನ್ನೊಬ್ಬನು ಪಂಡಿತ, ಶ್ಲೋಕವು ಇನ್ನೂ ಸೊಗಸಾಗಲೆಂದು ಅಲ್ಲಲ್ಲಿ ತನ್ನ ಪದವನ್ನು ಸೇರಿಸುತ್ತಾನೆ. ಎರಡನೆಯವನ ಪ್ರತಿಯು ಓದುವುದಕ್ಕೆ ಇಂಪು, ಗ್ರಂಥಸಂಪಾದಕನಿಗೆ ಕಂಟಕ. ಅತಿಕಿತ್ತಳೆಯ ಹಾವು ಈ ಪಂಡಿತ ಲಿಪಿಕಾರನ ಪ್ರತಿ. ಅದನ್ನು ಸಾಕಬಾರದೆಂದು ನಾನು ಹೇಳುವುದಿಲ್ಲ. ಅದನ್ನು ತೋರಿಸಿ, ಹಿಂದೆ ಜೌಗಿನಲ್ಲಿ ಇದೇ ಇದ್ದಿತು ಎನ್ನಬಾರದು. ‘ಇಷ್ಟು ತಲೆಮಾರು ನಾವು ಆರಿಸಿದ್ದು’ ಎಂದು ಪಕ್ಕದಲ್ಲಿ ಬರೆದರೆ ಅದೂ ಒಂದು ಪಾಠಾಂತರವಾಗಿ ಗೌರವಕ್ಕೆ ಪಾತ್ರವಾಗುತ್ತದೆ. ಇಂಥ ಹಾವನ್ನು ಪುಣ್ಯಕಾರ್ಯವೆಂದು ಕಾಡಿಗೆ ಬಿಡುವುದಂತೂ ಸಲ್ಲದು. ಅದು ಮೂಲಪ್ರತಿಯ ಓಲೆಯ ಮೇಲೆಯೇ ತಿದ್ದಿ ಬರೆದಂತೆ; ಪೆಟ್ಟಿಗೆಯ ರೋಗಗಳೂ ಜೊತೆಯಲ್ಲಿ ಹೋಗಬಹುದು.

ರೂಪದ ಆಸೆಗೆ ಇನ್ನೊಂದು ಮುಖವುಂಟು. ಟೆಕ್ಸಾಸಿನ ಹಾವುಗಳಲ್ಲಿ ಮೈಯೆಲ್ಲ ಹಾಲಿನಂತೆ ಬಿಳುಪಾದ ಒಂದು ಬಗೆಯನ್ನು ಆರಿಸಿ ಬೆಳೆಸಿದ್ದಾರೆ. ನೋಡುವುದಕ್ಕೆ ಬಹು ಚೆಲುವು. ಆದರೆ ಆ ಬಿಳಿಹಾವುಗಳಲ್ಲಿ ಕೆಲವಕ್ಕೆ ಕಣ್ಣುಗುಡ್ಡೆಗಳು ಹೊರಕ್ಕೆ ಉಬ್ಬಿಕೊಂಡಿರುವ ವಿಕಾರವು ಬರುವುದನ್ನು ಸಾಕುವವರೇ ಬಲ್ಲರು. ಇಲ್ಲಿ ಎರಡು ಉಪಪ್ರಭೇದಗಳ ಬೆರಕೆಯಿಲ್ಲ. ಶುದ್ಧಿವಾದಿಯ ಲೆಕ್ಕದಲ್ಲಿ ದೋಷವೇ ಇಲ್ಲ. ಪ್ರಾಣಿಯ ಲೆಕ್ಕದಲ್ಲಿ ದೋಷವುಂಟು. ಬೂದು ಹಳದಿಗಳಿಗೆ ಹುಟ್ಟಿದ ಬೆರಕೆಯ ಮರಿಯು ಆರೋಗ್ಯವಾಗಿ ಬೆಳೆದು ಬಾಳುವುದು ಸಾಮಾನ್ಯ. ಶುದ್ಧಿಯೊಂದನ್ನೇ ಅಳತೆಗೋಲಾಗಿ ಹಿಡಿದವನಿಗೆ ಈ ವ್ಯತ್ಯಾಸವು ಕಾಣುವುದಿಲ್ಲ. ಮೂಕಪ್ರಾಣಿಯನ್ನು ಹುಟ್ಟಿಸುವವನಿಗೆ ಅದರ ಕಣ್ಣು, ಬೆನ್ನೆಲುಬು, ಹಸಿವು ಮೊದಲನೆಯ ಚಿಂತೆಯಾಗಬೇಕು. ಅದರ ಹೆಸರು ಅನಂತರದ್ದು.

‘ಸಂಕರ’ ಎಂಬ ಮಾತನ್ನು ಇಲ್ಲಿ ಬಳಸಿದ್ದರಿಂದ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಆ ಮಾತು ಕಿವಿಗೆ ಬಿದ್ದೊಡನೆ ನಮ್ಮ ಜನಕ್ಕೆ ಗೀತೆಯ ಮೊದಲನೆಯ ಅಧ್ಯಾಯದ ಅರ್ಜುನನ ಭಯವು ನೆನಪಾಗುತ್ತದೆ. ಮನುಷ್ಯಸಮಾಜದ ಆ ಭಯವನ್ನು ಹಾವುಗಳ ಮೇಲೆ ಹೊರಿಸುವುದು ಸರಿಯಲ್ಲ. ಹಾವುಗಳ ಚೀಟಿಯಿಂದ ಮನುಷ್ಯರಿಗೆ ನ್ಯಾಯ ಹೇಳುವುದು ಅದಕ್ಕಿಂತಲೂ ಕೆಟ್ಟದ್ದು. ಪ್ರಕೃತಿಯಲ್ಲಿ ಎರಡು ಸೀಮೆಗಳು ಕೂಡುವಲ್ಲೆಲ್ಲ ಸಂಕರವು ನಡೆಯುತ್ತಲೇ ಇದೆ. ಅದರಿಂದ ಹಾವಿನ ಕುಲಕ್ಕೆ ಹಾನಿಯಾದಂತೆ ಕಾಣುವುದಿಲ್ಲ. ಹಾನಿಯುಂಟಾಗುವುದು ಸಂಕರವನ್ನು ಮುಚ್ಚಿಟ್ಟಾಗ. ಮುಚ್ಚಿಟ್ಟ ಒಂದು ಬೆರಕೆಯು ಹತ್ತು ಮನೆಗಳ ಪೆಟ್ಟಿಗೆಗಳಿಗೆ ಹೋಗಿ, ಅಲ್ಲಿಂದ ನೂರು ಮನೆಗಳಿಗೆ ಹೋಗಿ, ಮುಂದೆ ಆ ಹಾವುಗಳಿಂದ ಏನನ್ನಾದರೂ ತಿಳಿಯಬೇಕೆಂಬ ಎಲ್ಲರನ್ನೂ ಏಕಕಾಲದಲ್ಲಿ ವಂಚಿಸುತ್ತದೆ. ನನ್ನ ಶಿಷ್ಯರಿಗೆ ನಾನು ಬರೆದ ಉತ್ತರವೂ ಇಷ್ಟೆ: ಕೂಡಿಸುವುದು ದೋಷವಲ್ಲ, ಕೂಡಿಸಿದ್ದನ್ನು ಹೇಳದಿರುವುದು ದೋಷ.

ಹೇಳುವ ಕ್ರಮವು ಹೇಗಿರಬೇಕೆಂಬುದಕ್ಕೆ ಒಂದು ದೃಷ್ಟಾಂತವನ್ನು ಕೊಡಬಹುದು. ಹೆನ್ರಿ ಫಿಚ್ ಎಂಬ ವಿದ್ವಾಂಸರು ೧೯೪೮ರಿಂದ ಕ್ಯಾನ್ಸಾಸ್ ವಿಶ್ವವಿದ್ಯಾನಿಲಯಕ್ಕೆ ಸೇರಿದ ಒಂದು ಕಾಡುಭೂಮಿಯಲ್ಲಿ ನೆಲಸಿ, ಸುಮಾರು ಅರ್ಧ ಶತಮಾನದ ಕಾಲ ಹಾವುಗಳನ್ನು ಹಿಡಿದು, ಅಳೆದು, ಗುರುತುಮಾಡಿ, ಬಿಟ್ಟು, ಮತ್ತೆ ಹಿಡಿದು, ಪ್ರತಿಯೊಂದನ್ನೂ ಬರೆದಿಟ್ಟರು. ಅಲ್ಲಿಯ ಕಪ್ಪುಹಾವಿನ ಜೀವನವನ್ನು ಕುರಿತ ಅವರ ಪ್ರಬಂಧವು ೧೯೬೩ರಲ್ಲಿ ಪ್ರಕಟವಾಯಿತು. ಅವರು ಆಗ ಬರೆದ ಕುಲದ ಹೆಸರು ‘ಎಲಾಫೆ’; ಈಗ ಅದೇ ಹಾವನ್ನು ‘ಪ್ಯಾಂಥೆರೋಫಿಸ್’ ಎಂದು ಕರೆಯುತ್ತಾರೆ. ಹೆಸರು ಹೋಯಿತು, ಇಂಥ ದಿನ, ಇಂಥ ಸ್ಥಳ, ಇಷ್ಟು ಉದ್ದ, ಇಷ್ಟು ತೂಕ ಎಂಬುದರಲ್ಲಿ ಒಂದಕ್ಷರವೂ ಹೋಗಲಿಲ್ಲ.

ನಮ್ಮಲ್ಲಿ ಹಾವು ಸಾಕುವವರಿಲ್ಲ, ಈ ವಿಚಾರವು ನಮಗೇಕೆ ಎನ್ನಬೇಡಿರಿ. ನಮ್ಮ ಹಳ್ಳಿಗಳಲ್ಲಿ ಕೇರೆಯು ನಾಗರಹಾವಿನೊಡನೆ ಕೂಡುತ್ತದೆಂಬ ನಂಬಿಕೆ ಇಂದಿಗೂ ಉಂಟು. ಎರಡು ಹಾವುಗಳು ಹುರಿಯಂತೆ ಹೆಣೆದುಕೊಂಡು ಮೇಲೆದ್ದುದನ್ನು ಕಂಡವರು ಹಾಗೆ ಹೇಳುತ್ತಾರೆ. ಅದು ಬಹುತೇಕ ಎರಡು ಗಂಡುಕೇರೆಗಳ ಬಲಪರೀಕ್ಷೆ. ಕೇರೆಗೂ ನಾಗರಕ್ಕೂ ಸಂತಾನಸಂಬಂಧವೇ ಇಲ್ಲ. ಇಲ್ಲದ ಸಂಕರವನ್ನು ಹೇಳಿದ ಈ ಮಾತಿನಿಂದ, ಗದ್ದೆಯ ಇಲಿಗಳನ್ನು ತಿಂದು ರೈತನಿಗೆ ಉಪಕಾರಮಾಡುವ ಪ್ರಾಣಿಯು ನಾಗರದ ನಂಟನೆಂದು ಪೆಟ್ಟು ತಿನ್ನುತ್ತದೆ. ಬದುವಿನ ಮೇಲೆ ಹಾವನ್ನು ಕಂಡ ಮಗುವು ಮನೆಗೆ ಬಂದು ಹೇಳಿದಾಗ, ಹಿರಿಯರು ಮೊದಲು ಅದರ ಹೆಸರನ್ನು ಕೇಳದೆ, ಎಲ್ಲಿ ಕಂಡೆ, ಯಾವ ಹೊತ್ತು, ಎಷ್ಟುದ್ದ, ಏನು ಮಾಡುತ್ತಿತ್ತು ಎಂದು ಕೇಳಲಿ. ಹೆಸರು ತಿಳಿಯದಿದ್ದರೆ ತಿಳಿಯದೆಂದೇ ಹೇಳುವುದನ್ನೂ ಕಲಿಸಲಿ.